ಕುತ್ತಿಗೆಯಲ್ಲಿ ಕ್ಯಾಮೆರಾ ಕಂಡರೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ಫೋಟೊ ನನ್ನ ಹೊಟ್ಟೆಪಾಡಲ್ಲ, ಹುಚ್ಚು. ಕೆಲಸಕ್ಕೆ ಹೋಗುವಾಗ, ಬರುವಾಗ, ಊಟದ ಬಿಡುವಿನಲ್ಲಿ ನಾಲ್ಕು ಕ್ಲಿಕ್ ಮಾಡುತ್ತೇನೆ, ಅಷ್ಟೇ. ಆದರೆ ಕ್ಯಾಮೆರಾ ಕಂಡ ಕೂಡಲೇ ಯಾರಾದರೂ ಬಂದು ಏನಾದರೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಉತ್ತರ ಒಂದು ಕಡೆ ಬರೆದಿಟ್ಟರೆ ಕೇಳುವವರಿಗೂ ಸಲೀಸು, ನನ್ನ ಗಂಟಲಿಗೂ ಆರಾಮ.

ಯಾವ ಕ್ಯಾಮೆರಾ ತಗೊಳ್ಳಲಿ?

ಈಗ ನಿಮ್ಮ ಹತ್ತಿರ ಇರುವುದರಲ್ಲಿ ಯಾವ ಫೋಟೊ ತಪ್ಪಿಹೋಯಿತು, ಹೇಳಿ. "ಮಗಳು ಓಡುವಾಗ ಮಸುಕಾಗುತ್ತಾಳೆ", "ಮರದ ತುದಿಯ ಹಕ್ಕಿ ಚುಕ್ಕೆಯಂತೆ ಕಾಣುತ್ತದೆ", "ರಾತ್ರಿ ಮನೆಯೊಳಗೆ ಏನೂ ಬರುವುದಿಲ್ಲ". ಹೀಗೆ ಒಂದು ದೂರು ಇದ್ದರೆ ಅದಕ್ಕೆ ಮದ್ದು ಹುಡುಕಬಹುದು. "ಸುಮ್ನೆ, ಚೆನ್ನಾಗಿ ಬರಲಿ ಅಂತ" ಅನ್ನುವವರಿಗೆ ನಾನು ಹೇಳುವುದು ಒಂದೇ: ಇನ್ನೂ ಮೂರು ತಿಂಗಳು ಇರುವುದರಲ್ಲೇ ತೆಗೆಯಿರಿ. ಅಷ್ಟರಲ್ಲಿ ದೂರು ತಾನಾಗಿ ಹುಟ್ಟುತ್ತದೆ.

ಕಳೆದ ಹತ್ತು ವರ್ಷಗಳಲ್ಲಿ ಬಂದ ಯಾವ ದೊಡ್ಡ ಕಂಪನಿಯ ಕ್ಯಾಮೆರಾ ಆದರೂ ನನ್ನಂಥವರಿಗೆ ಸಾಕುಬೇಕಾಗುವಷ್ಟಿದೆ. ಆದ್ದರಿಂದ ಪಟ್ಟಿ ಓದುವುದಕ್ಕಿಂತ ಕೈಯಲ್ಲಿ ಹಿಡಿದು ನೋಡಿ. ಬೆರಳು ಗುಂಡಿಗೆ ಸಲೀಸಾಗಿ ತಲುಪುತ್ತದಾ? ಭಾರ ಎಷ್ಟು? ದಿನಾ ಚೀಲದಲ್ಲಿ ಹೊರುವವರು ನೀವೇ ಅಲ್ವಾ. ನನ್ನದು ಲೆನ್ಸ್ ಸೇರಿ ಅರ್ಧ ಕಿಲೋ. ಅದಕ್ಕೇ ಅದು ಬೀರುವಿನಲ್ಲಿಲ್ಲ, ನನ್ನ ಜೊತೆಗಿದೆ.

ಈಗ ಮೊಬೈಲೇ ಸಾಕಲ್ವಾ?

ಬಹಳಷ್ಟಕ್ಕೆ ಸಾಕು. ಒಂದು ಫೋಟೊ ಅಂತ ನಾವು ಅಂದುಕೊಳ್ಳುವಾಗ ಮೊಬೈಲ್ ಒಳಗೊಳಗೇ ಹಲವು ಫೋಟೊ ತೆಗೆದು ಒಂದರ ಮೇಲೊಂದು ಹೊಲಿದಿರುತ್ತದೆ. ಪುಟಾಣಿ ಸೆನ್ಸರ್‌ನಿಂದ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಅಷ್ಟು ಒಳ್ಳೆಯ ಚಿತ್ರ ಬರುವುದು ಹಾಗೆ.

ಎಡವುವುದು ಮೂರು ಕಡೆ. ಮಂದ ಬೆಳಕಿನಲ್ಲಿ ಓಡಾಡುವ ಮಕ್ಕಳು, ಪ್ರಾಣಿಗಳು ಒಂದು. ದೂರದ್ದು ಇನ್ನೊಂದು. ಮೂರನೆಯದು ಮುಖ. ಮೊಬೈಲ್‌ನ ಮುಖ್ಯ ಲೆನ್ಸ್ ಅಗಲದ್ದು, ಹಾಗಾಗಿ ಮುಖ ದೊಡ್ಡದಾಗಿ ಬರಲೆಂದು ನಾವು ತೀರಾ ಹತ್ತಿರ ಹೋಗುತ್ತೇವೆ. ಹತ್ತಿರ ಹೋದರೆ ಮೂಗು ದಪ್ಪ, ಕಿವಿ ಸಣ್ಣ. ಜನ ಇದಕ್ಕೆ ಲೆನ್ಸನ್ನು ಬೈಯುತ್ತಾರೆ. ತಪ್ಪು ಲೆನ್ಸ್‌ದಲ್ಲ, ದೂರದ್ದು. ಎರಡು ಹೆಜ್ಜೆ ಹಿಂದೆ ಬಂದು, ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಮುಖ ಮತ್ತೆ ಮುಖವಾಗುತ್ತದೆ.

ಮೊಬೈಲ್‌ನಲ್ಲೇ ತೆಗೆಯುವುದಾದರೆ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಪರದೆಯ ಮೇಲೆ ಬೆರಳು ಒತ್ತಿ ಫೋಕಸ್ ಹಿಡಿದು, ಬೆರಳನ್ನು ಸ್ವಲ್ಪ ಕೆಳಗೆಳೆದು ಬೆಳಕು ತಗ್ಗಿಸಿ. ಮೊಬೈಲ್‌ಗಳಿಗೆ ಎಲ್ಲವನ್ನೂ ಬೆಳಗಿಸುವ ಚಟ. ನೆರಳು ನೆರಳಾಗಿಯೇ ಉಳಿದರೆ ಫೋಟೊಗೆ ಆಳ ಬರುತ್ತದೆ.

ಫುಲ್ ಫ್ರೇಮ್ ಬೇಕೇ ಬೇಕಾ?

ಬೇಡ. ಆದರೆ ಏಕೆ ಅಂತ ಲೆಕ್ಕ ಗೊತ್ತಿದ್ದರೆ ಒಳ್ಳೆಯದು.

ಫುಲ್ ಫ್ರೇಮ್ ಅಂದರೆ 36×24 ಎಂಎಂ ಸೆನ್ಸರ್. ಈ ಅಳತೆಯಲ್ಲಿ ಯಾವ ದೈವರಹಸ್ಯವೂ ಇಲ್ಲ. ಆಸ್ಕರ್ ಬಾರ್ನಾಕ್ ಎಂಬ ಜರ್ಮನ್ ಎಂಜಿನಿಯರ್ ಸಿನಿಮಾ ರೀಲನ್ನು ಅಡ್ಡಕ್ಕೆ ಓಡಿಸಿ, ಎರಡು ಸಿನಿಮಾ ಫ್ರೇಮಿನ ಜಾಗಕ್ಕೆ ಒಂದು ಫೋಟೊ ಮಾಡಿದ. ಆ ಕ್ಯಾಮೆರಾ, ಲೈಕಾ, 1925ರಲ್ಲಿ ಮಾರುಕಟ್ಟೆಗೆ ಬಂತು. ಆಗ ಇದನ್ನೇ ಸಣ್ಣ ಫಾರ್ಮ್ಯಾಟ್ ಅನ್ನುತ್ತಿದ್ದರು! ಈಗ ಅದೇ 'ಫುಲ್'.

ಅದಕ್ಕಿಂತ ಸಣ್ಣ ಅಳತೆಯ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಎಂಎಂ, ಕ್ಯಾನನ್‌ನಲ್ಲಿ ಇನ್ನೂ ಚೂರು ಸಣ್ಣದು. ಮೈಕ್ರೋ ಫೋರ್ ಥರ್ಡ್ಸ್ ಎಂಬ ಇನ್ನೂ ಸಣ್ಣ ಅಳತೆ 17.3×13 ಎಂಎಂ. ಸೆನ್ಸರ್‌ನ ವಿಸ್ತೀರ್ಣ ಅರ್ಧವಾದರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ನಷ್ಟ ಅಂತ ಇಟ್ಟುಕೊಳ್ಳಿ. ಅಂದರೆ ಫುಲ್ ಫ್ರೇಮ್‌ನಲ್ಲಿ ಐಎಸ್ಒ (ಮಂದ ಬೆಳಕಲ್ಲಿ ಚಿತ್ರ ಬೆಳಗಿಸಲು ಏರಿಸುವ ಅಂಕಿ) 6400ಕ್ಕೆ ಬರುವಷ್ಟೇ ಕಾಳುಕಾಳು ಎಪಿಎಸ್-ಸಿಯಲ್ಲಿ 3200ರ ಆಸುಪಾಸಿನಲ್ಲೇ ಬರುತ್ತದೆ. ವ್ಯತ್ಯಾಸ ಇಷ್ಟೇ. ಇದಕ್ಕಾಗಿ ದಪ್ಪ ಲೆನ್ಸ್, ದೊಡ್ಡ ಚೀಲ, ನೋಯುವ ಭುಜ ಎಲ್ಲವನ್ನೂ ಒಪ್ಪಿಕೊಳ್ಳಬೇಕು. ಕತ್ತಲಲ್ಲೇ ಜಾಸ್ತಿ ತೆಗೆಯುವವರು ಒಪ್ಪಿಕೊಳ್ಳಲಿ. ನಾನು ಒಪ್ಪಿಲ್ಲ.

ಎಷ್ಟು ಮೆಗಾಪಿಕ್ಸೆಲ್?

24 ಸಾಕು. ಅಂದರೆ 6000×4000 ಚುಕ್ಕೆಗಳು. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿಸಿದರೂ 20 ಇಂಚು ಅಗಲದ ಪ್ರಿಂಟ್ ಬರುತ್ತದೆ. 4ಕೆ ಪರದೆ ತೋರಿಸುವುದೇ 8 ಚಿಲ್ಲರೆ ಮೆಗಾಪಿಕ್ಸೆಲ್. 45ಕ್ಕೆ ಹೋದರೆ ಎರಡು ಪಟ್ಟು ವಿವರ ಸಿಗುತ್ತದೆ ಅಂದುಕೊಳ್ಳಬೇಡಿ, ಅಗಲದಲ್ಲಿ ಹೆಚ್ಚುವುದು ನೂರಕ್ಕೆ 37ರಷ್ಟು ಮಾತ್ರ. ಹಾರ್ಡ್ ಡಿಸ್ಕ್ ಮಾತ್ರ ಎರಡು ಪಟ್ಟು ಬೇಗ ತುಂಬುತ್ತದೆ.

1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ 0.01 ಮೆಗಾಪಿಕ್ಸೆಲ್‌ನದು. ಒಂದು ಫೋಟೊ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಹಿಡಿಯುತ್ತಿತ್ತು. ಕ್ಯಾಮೆರಾ ನಿಧಾನ ಅಂತ ಗೊಣಗುವಾಗ ಇದು ನನಗೆ ನೆನಪಾಗುತ್ತದೆ.

ಮೊದಲ ಲೆನ್ಸ್ ಯಾವುದು?

ಕ್ಯಾಮೆರಾ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸನ್ನು ಯಾರೋ ಹೀಯಾಳಿಸಿದರು ಅಂತ ಮಾರಬೇಡಿ. ಹಗಲಲ್ಲಿ ಎಫ್ 8ರಲ್ಲಿ (ಎಫ್ ಅಂದರೆ ಲೆನ್ಸಿನ ತೂತಿನ ಅಳತೆ, ಅಂಕಿ ಸಣ್ಣದಾದಷ್ಟೂ ತೂತು ದೊಡ್ಡದು) ಅದು ಕೊಡುವ ಚಿತ್ರಕ್ಕೂ ದುಬಾರಿ ಲೆನ್ಸ್ ಕೊಡುವ ಚಿತ್ರಕ್ಕೂ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕು. ಕೆಲವು ತಿಂಗಳ ನಂತರ ನಿಮ್ಮ ಮೆಚ್ಚಿನ ಐವತ್ತು ಫೋಟೊ ಆರಿಸಿ, ಯಾವ ಫೋಕಲ್ ಲೆಂತ್‌ನಲ್ಲಿ (ನೋಟ ಎಷ್ಟು ಅಗಲ, ಎಷ್ಟು ಹತ್ತಿರ ಅಂತ ಹೇಳುವ ಎಂಎಂ ಲೆಕ್ಕ) ತೆಗೆದದ್ದು ಅಂತ ನೋಡಿ. ಅದು ಫೈಲಿನಲ್ಲೇ ದಾಖಲಾಗಿರುತ್ತದೆ. ಬಹುಪಾಲು 35ರ ಹತ್ತಿರ ಇದ್ದರೆ ನಿಮ್ಮ ಮುಂದಿನ ಲೆನ್ಸ್ 35 ಎಂಎಂ ಪ್ರೈಮ್, ಅಂದರೆ ಜೂಮ್ ಇಲ್ಲದ್ದು. ಬೇರೆಯವರ ಮಾತಿಗಿಂತ ಆ ಲೆಕ್ಕ ನಂಬಿ.

ನಾನು ಹಾಗೆ ಮಾಡಲಿಲ್ಲ. ಮೊದಲ ವರ್ಷವೇ 70-300 ಜೂಮ್ ಕೊಂಡೆ. ಹಕ್ಕಿ ತೆಗೆಯುತ್ತೇನೆ ಅಂತ ಕನಸು. ಆಮೇಲೆ ಗೊತ್ತಾಯಿತು, ಹಕ್ಕಿಗೆ ಬೇಕಾದ ತಾಳ್ಮೆ ನನ್ನಲ್ಲಿಲ್ಲ. ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ್ದ ಅದರ ಕಥೆ ಮುಂದೆ ಬರುತ್ತದೆ.

ಎಪಿಎಸ್-ಸಿಯಲ್ಲಿ 35 ಎಂಎಂ ಅಂದರೆ ಹೆಚ್ಚೂಕಡಿಮೆ ಫುಲ್ ಫ್ರೇಮ್‌ನ 50ರ ನೋಟ. ಹೆಸರಾಂತ ಫ್ರೆಂಚ್ ಫೋಟೊಗ್ರಾಫರ್ ಆನ್ರಿ ಕಾರ್ಟಿಯೆ-ಬ್ರೆಸ್ಸಾನ್ ಬದುಕಿನ ಬಹುಪಾಲು ಕೆಲಸ ಮಾಡಿದ್ದು 50 ಎಂಎಂನಲ್ಲೇ. ಇಂಥ ಲೆನ್ಸ್ ಎಫ್ 1.8ರಷ್ಟು ತೆರೆಯುತ್ತದೆ. ಕಿಟ್ ಲೆನ್ಸಿನ ಎಫ್ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು! ಮುಸ್ಸಂಜೆಯಲ್ಲಿ ಇದು ಹೊಸ ಕ್ಯಾಮೆರಾ ಕೊಂಡದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಜೂಮ್ ಇಲ್ಲದ ಕಾರಣ ಕಾಲು ಓಡಾಡಬೇಕು. ಕೆಲವು ವಾರಕ್ಕೆ ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟು ಕಣ್ಣಿಗೆ ಬೀಳತೊಡಗುತ್ತದೆ. ಅದು ರೂಢಿಯಾದ ಮೇಲೆ ಜೂಮ್ ಸಿಕ್ಕರೂ ಬೇಡ ಅನ್ನಿಸುತ್ತದೆ, ನನಗಂತೂ.

ಮ್ಯಾನ್ಯುಅಲ್ ಮೋಡ್‌ನಲ್ಲೇ ತೆಗೆಯಬೇಕಂತೆ, ಹೌದಾ?

ಯಾರು ಹೇಳಿದ್ದು? ನಾನು ಬಹುತೇಕ ಅಪರ್ಚರ್ ಪ್ರಯಾರಿಟಿಯಲ್ಲೇ ಇರುತ್ತೇನೆ, ಅಂದರೆ ಲೆನ್ಸಿನ ತೂತಿನ ಅಳತೆ (ಅಪರ್ಚರ್) ಮಾತ್ರ ನನ್ನ ಆಯ್ಕೆ. ಐಎಸ್ಒ ಆಟೋ, ಗರಿಷ್ಠ 6400. ಶಟರ್, ಅಂದರೆ ಬೆಳಕು ಒಳಗೆ ಬೀಳುವ ಹೊತ್ತು, 1/250 ಸೆಕೆಂಡಿಗಿಂತ ನಿಧಾನವಾಗಬಾರದು ಅಂತ ಮೆನುವಿನಲ್ಲಿ ಒಮ್ಮೆ ಕಟ್ಟಪ್ಪಣೆ ಮಾಡಿಟ್ಟಿದ್ದೇನೆ. ಮಿಕ್ಕದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ, ನಾನು ಎದುರಿಗಿರುವುದನ್ನು ನೋಡುತ್ತೇನೆ. ಫ್ಲ್ಯಾಶ್, ಟ್ರೈಪಾಡ್ ಇಟ್ಟು ತೆಗೆಯುವ ರಾತ್ರಿ ಚಿತ್ರ, ವೇದಿಕೆಯ ಬೆಳಕು, ಇಂಥ ಕಡೆ ಮಾತ್ರ ಮ್ಯಾನ್ಯುಅಲ್.

ಕಲಿಯಲೇಬೇಕಾದ್ದು ಬೇರೆ ಇದೆ: ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಶರ್ ಕಾಂಪೆನ್ಸೇಷನ್, ಅಂದರೆ ಚಿತ್ರವನ್ನು ಬೇಕಾದಷ್ಟು ಬೆಳಗಿಸುವ, ಕತ್ತಲಾಗಿಸುವ ಗುಂಡಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಸ್ವಲ್ಪ ಪೆದ್ದು. ಜಗತ್ತೆಲ್ಲ ನಡುಬೂದು ಬಣ್ಣದ್ದು ಅಂತ ಅದರ ನಂಬಿಕೆ. ಬಿಳಿ ಗೋಡೆ ತೋರಿಸಿದರೆ ಕತ್ತಲು ಮಾಡಿ ಬೂದು ಮಾಡುತ್ತದೆ, ಕರಿ ಬೆಕ್ಕು ತೋರಿಸಿದರೆ ಬೆಳಗಿಸಿ ಬೂದು ಮಾಡುತ್ತದೆ. ಹಾಗಾಗಿ ಬಿಳಿಗೆ ಪ್ಲಸ್ 1, ಕಪ್ಪಿಗೆ ಮೈನಸ್ 1. ಕೇಳುವಾಗ ಉಲ್ಟಾ ಅನ್ನಿಸುತ್ತದೆ. ಒಂದು ಬಿಳಿ ಬಟ್ಟೆ, ಒಂದು ಕಪ್ಪು ಬಟ್ಟೆ ಹಾಸಿಕೊಂಡು ಹತ್ತು ನಿಮಿಷ ತೆಗೆದು ನೋಡಿ, ಆಮೇಲೆ ಜನ್ಮದಲ್ಲಿ ಮರೆಯುವುದಿಲ್ಲ.

ನನ್ನ ಫೋಟೊ ಶಾರ್ಪ್ ಬರಲ್ಲ. ಲೆನ್ಸ್ ಸರಿ ಇಲ್ವಾ?

ಲೆನ್ಸ್ ಸಾಮಾನ್ಯವಾಗಿ ನಿರಪರಾಧಿ. ಫೋಟೊ ದೊಡ್ಡದು ಮಾಡಿ ನೋಡಿ, ಮಸುಕಿನ ಜಾತಿ ಗುರುತಿಸಿ.

ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದೆಯಾ? ಕೈ ನಡುಗಿದೆ. ಹಳೆಯ ಲೆಕ್ಕ ಒಂದಿದೆ: 50 ಎಂಎಂ ಲೆನ್ಸಿಗೆ ಶಟರ್ 1/50ಕ್ಕಿಂತ ವೇಗ ಇರಲಿ, 200ಕ್ಕೆ 1/200. ಎಪಿಎಸ್-ಸಿಯಾದರೆ ಒಂದೂವರೆ ಪಟ್ಟು ಸೇರಿಸಿ. ಆ ಲೆಕ್ಕ ಫಿಲ್ಮ್ ಕಾಲದ್ದು. ಈಗ ನಾವು ಪ್ರತಿ ಚುಕ್ಕೆಯನ್ನೂ ಹಿಗ್ಗಿಸಿ ನೋಡುತ್ತೇವಲ್ಲ, ಹಾಗಾಗಿ ನಾನು ಎರಡು ಪಟ್ಟು ಇಡುತ್ತೇನೆ. ಮೊಣಕೈ ಎದೆಗೆ ಒತ್ತಿಕೊಳ್ಳಿ. ಉಸಿರು ಅರ್ಧ ಬಿಟ್ಟು ಗುಂಡಿಯನ್ನು ಮೆಲ್ಲಗೆ ಒತ್ತಿ, ಕುಟ್ಟಬೇಡಿ.

ಗೋಡೆ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಮಸುಕಾಗಿದ್ದಾನಾ? ಅವನು ಚಲಿಸಿದ್ದಾನೆ. ಸ್ಟೆಬಿಲೈಸೇಷನ್ ಇಲ್ಲಿ ಏನೂ ಮಾಡಲಾರದು, ಅದು ಹಿಡಿದು ನಿಲ್ಲಿಸುವುದು ನಿಮ್ಮ ಕೈಯನ್ನು, ಎದುರಿನವರನ್ನಲ್ಲ. ನಡೆಯುವವರಿಗೆ 1/250, ಓಡುವ ಮಕ್ಕಳಿಗೆ 1/500ರಿಂದ 1/1000, ಹಾರುವ ಹಕ್ಕಿಗೆ 1/2000 ಬೇಕು.

ಮುಖ ಮಸುಕು, ಹಿಂದಿನ ಗಿಡ ಸ್ಪಷ್ಟವಾ? ಫೋಕಸ್ ತಪ್ಪಿದೆ. ಎಫ್ 1.8 ಸಿಕ್ಕ ಖುಷಿಗೆ ಎಲ್ಲರೂ ಮಾಡುವ ತಪ್ಪು ಇದು. ಫುಲ್ ಫ್ರೇಮ್‌ನಲ್ಲಿ 50 ಎಂಎಂ, ಎಫ್ 1.8, ಒಂದು ಮೀಟರ್ ದೂರ. ಸ್ಪಷ್ಟವಾಗಿ ಕಾಣುವ ಪದರ ಸುಮಾರು 4 ಸೆಂಟಿಮೀಟರ್ ಅಷ್ಟೇ. ಅಷ್ಟರಲ್ಲಿ ನೀವು ಒಂಚೂರು ತೂಗಾಡಿದರೂ ಕಣ್ಣು ಹೋಗಿ ಕಿವಿ ಸ್ಪಷ್ಟವಾಗುತ್ತದೆ. ಎಫ್ 4ಕ್ಕೆ ಬನ್ನಿ. ಕ್ಯಾಮೆರಾದಲ್ಲಿ ಕಣ್ಣು ಹುಡುಕುವ ಫೋಕಸ್ ಇದ್ದರೆ ಬಳಸಿ, ನಾಚಿಕೆ ಬೇಡ.

ಯಾವ ದಿಕ್ಕಿಗೂ ಎಳೆದಿಲ್ಲ, ಎಲ್ಲ ಕಡೆ ಒಂದು ಮಂಜು ಕವಿದಂತಿದ್ದರೆ? ಲೆನ್ಸ್ ಮೇಲೆ ಹೆಬ್ಬೆಟ್ಟಿನ ಗುರುತು. ಒರೆಸಿ. ಮೊಬೈಲ್‌ನಲ್ಲಂತೂ ಅರ್ಧಕ್ಕರ್ಧ ದೂರು ಇದೇ.

ಎಲ್ಲವೂ ಸ್ಪಷ್ಟವಾಗಲಿ ಅಂತ ಎಫ್ 22ಕ್ಕೆ ಓಡಬೇಡಿ. ತೂತು ತೀರಾ ಸಣ್ಣದಾದರೆ ಬೆಳಕು ಅಂಚಿನಲ್ಲಿ ಬಾಗಿ ಹರಡಿಕೊಂಡು ಇಡೀ ಚಿತ್ರ ಮೆತ್ತಗಾಗುತ್ತದೆ. ಎಪಿಎಸ್-ಸಿಯಲ್ಲಿ ನಾನು ಎಫ್ 11 ದಾಟುವುದಿಲ್ಲ.

ಐಎಸ್ಒ ಎಷ್ಟರವರೆಗೆ ಏರಿಸಬಹುದು?

ಬೇಕಾದಷ್ಟು. ಕಾಳುಕಾಳಾದ ಫೋಟೊ ಫೋಟೊನೇ. ಮಸುಕಾದದ್ದು ಕಸದಬುಟ್ಟಿಗೆ. ಐಎಸ್ಒ 400ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಿದರೂ ಕಾಳು ಎದ್ದೇ ಏಳುತ್ತದೆ, ಹಾಗಾಗಿ ಕಂಜೂಸಿ ಮಾಡಿ ಉಪಯೋಗವಿಲ್ಲ.

ನಡುಮಧ್ಯಾಹ್ನ ಫೋಟೊ ತೆಗೆಯಬಾರದು ಅಂತಾರಲ್ಲ?

ಈ ಮಾತಿನಿಂದ ಎಷ್ಟು ಜನ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗಿದ್ದಾರೋ. ಬೆಳಿಗ್ಗೆ, ಸಂಜೆ ಬೆಳಕು ಓರೆಯಾಗಿ ಬರುತ್ತದೆ, ಬಣ್ಣ ಬೆಚ್ಚಗಿರುತ್ತದೆ, ಒಪ್ಪುತ್ತೇನೆ. ಆದರೆ ಕೆಲಸಕ್ಕೆ ಹೋಗುವವರಿಗೆ ಸಿಗುವುದೇ ಮಧ್ಯಾಹ್ನ.

ಆಗ ನಾನು ಬಿಸಿಲು-ನೆರಳಿನ ಗಡಿ ಹುಡುಕುತ್ತೇನೆ. ಜಗುಲಿಯ ಅಂಚು, ಮರದ ಬುಡ, ಬಾಗಿಲ ಚೌಕಟ್ಟು. ನೆರಳಿನೊಳಗೆ, ಗಡಿಯಿಂದ ಒಂದೆರಡು ಅಡಿ ಒಳಗೆ ವ್ಯಕ್ತಿಯನ್ನು ನಿಲ್ಲಿಸಿ, ಬಿಸಿಲಿನ ಕಡೆಗೆ ಮುಖ ಮಾಡಿಸಿ. ಹೊರಗಿನ ನೆಲಕ್ಕೆ ಬಿದ್ದ ಬಿಸಿಲು ಚಿಮ್ಮಿ ಮುಖಕ್ಕೆ ಬರುತ್ತದೆ. ಕಣ್ಣಲ್ಲಿ ಹೊಳಪು, ಕಣ್ಣಿನ ಕೆಳಗೆ ಕಪ್ಪಿಲ್ಲ. ಇನ್ನೊಂದು ದಾರಿ, ನೆರಳನ್ನೇ ವಿಷಯ ಮಾಡಿಕೊಳ್ಳುವುದು. ಮೆಟ್ಟಿಲಿನ ನೆರಳು, ಸೈಕಲ್ಲಿನ ನೆರಳು, ಕೊಡೆಯ ಕೆಳಗೊಂದು ಗುಂಡು ಕತ್ತಲು. ಬೆಳಕಿನ ಭಾಗಕ್ಕೆ ಎಕ್ಸ್‌ಪೋಶರ್ ಹೊಂದಿಸಿ, ಮಿಕ್ಕದ್ದು ಕಪ್ಪಾಗಲಿ ಬಿಡಿ. ಕಪ್ಪು-ಬಿಳುಪಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಮೋಡ ಕವಿದ ದಿನವೂ ಹಾಗೇ. ಆಕಾಶವೇ ಒಂದು ದೊಡ್ಡ ಮೆತ್ತನೆ ದೀಪ. ಮುಖ, ಎಲೆ, ಒದ್ದೆ ನೆಲ ಎಲ್ಲ ಚೆನ್ನ. ಬಿಳಿಚಿದ ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಹೊರಗಿಡಿ.

ಚಂದ್ರ ಬರೀ ಬಿಳಿ ಬೊಟ್ಟಾಗಿ ಬರ್ತಾನೆ, ಯಾಕೆ?

ರಾತ್ರಿ ಅಂತ ಕ್ಯಾಮೆರಾ ಜಾಸ್ತಿ ಬೆಳಕು ತಗೊಳ್ಳುತ್ತದೆ. ಆದರೆ ಚಂದ್ರ ಬಿಸಿಲಲ್ಲಿ ನಿಂತ ಬಂಡೆ. ಅಲ್ಲಿ ಹಗಲು! ಎಫ್ 11, ಐಎಸ್ಒ 100, ಶಟರ್ 1/100 ಇಟ್ಟು ಶುರು ಮಾಡಿ, ಹುಣ್ಣಿಮೆಯ ಕಲೆಗಳು ಕಾಣುತ್ತವೆ. ಗಾತ್ರದ ಬಗ್ಗೆ ಆಸೆ ಬೇಡ. 300 ಎಂಎಂ ಲೆನ್ಸ್ ಹಾಕಿದರೂ ಸೆನ್ಸರ್ ಮೇಲೆ ಚಂದ್ರನ ಅಗಲ 3 ಎಂಎಂ ಕೂಡ ಇರುವುದಿಲ್ಲ.

ರಾ ಒಳ್ಳೆಯದಾ, ಜೆಪೆಗ್ ಒಳ್ಳೆಯದಾ?

ರಾ ಅಂದರೆ ಸೆನ್ಸರ್ ಹಿಡಿದದ್ದು ಹಾಗೇ ಉಳಿದ ಫೈಲ್, ಜೆಪೆಗ್ ಅಂದರೆ ಕ್ಯಾಮೆರಾನೇ ತಿದ್ದಿ ಕುಗ್ಗಿಸಿ ಕೊಡುವ ಫೈಲ್. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾನಲ್ಲಿ 16,384. ಆಕಾಶ ತೀರಾ ಬೆಳಗಿಹೋದಾಗ, ಬಣ್ಣ ಹಳದಿಗೆ ತಿರುಗಿದಾಗ ರಾ ಇದ್ದರೆ ಎಳೆದು ತರಬಹುದು. ಆದರೆ ಪ್ರತಿಯೊಂದನ್ನೂ ಕೂತು ತಿದ್ದಬೇಕು. ನಾನು ಎರಡನ್ನೂ ಉಳಿಸಿಕೊಳ್ಳುತ್ತೇನೆ. ಹತ್ತರಲ್ಲಿ ಎಂಟಕ್ಕೆ ಜೆಪೆಗ್ ಸಾಕಾಗುತ್ತದೆ.

ತಿದ್ದುವುದು ಮೋಸ ಅಲ್ವಾ?

ಫಿಲ್ಮ್ ಕಾಲದಲ್ಲಿ ಡಾರ್ಕ್‌ರೂಮಿನಲ್ಲಿ ಕೈ ಅಡ್ಡ ಹಿಡಿದು ಒಂದು ಮೂಲೆ ಬೆಳಗಿಸುತ್ತಿದ್ದರು, ಇನ್ನೊಂದನ್ನು ಕಪ್ಪಾಗಿಸುತ್ತಿದ್ದರು. ಬೆಳಕು, ಬಣ್ಣ, ಕತ್ತರಿ, ಇಷ್ಟು ನನಗೆ ಸರಿ. ಇಲ್ಲದ ಹಕ್ಕಿಯನ್ನು ತಂದು ಕೂರಿಸುವುದು ಸರಿಯಿಲ್ಲ, ಕೂರಿಸಿದರೆ ಹಾಗಂತ ಹೇಳಿಬಿಡಿ.

ದಿನಾ ಏನು ತೆಗೆಯುತ್ತೀರಿ? ಹೊಸದೇನು ಇರುತ್ತೆ?

ಈ ಪ್ರಶ್ನೆ ನನಗೆ ಇಷ್ಟ. ನಾನು ಏರುವ ಒಂದು ಮೆಟ್ಟಿಲುಸಾಲು ಇದೆ. ಪಕ್ಕದಲ್ಲಿ ಉದ್ದನೆ ಕಿಟಕಿ. ವರ್ಷಗಳಿಂದ ಅದನ್ನೇ ತೆಗೆಯುತ್ತಿದ್ದೇನೆ. ವರ್ಷದ ಕೆಲವೇ ವಾರ ಬಿಸಿಲು ಮೂರನೇ ಮೆಟ್ಟಿಲಿನವರೆಗೆ ಬರುತ್ತದೆ, ಅದೂ ಇಪ್ಪತ್ತು ನಿಮಿಷ. ಆ ವಾರಗಳಲ್ಲಿ ಕೈಚೀಲ ಹಿಡಿದು ಯಾರಾದರೂ ಇಳಿದರೆ ನೆರಳು ಮೇಲಿನವರೆಗೆ ಚಾಚುತ್ತದೆ. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಹೊಸ ಜಾಗಕ್ಕೆ ಹೋದವರಿಗೆ ಇದು ಕಾಣಲು ಸಾಧ್ಯವೇ ಇಲ್ಲ.

ಶುರು ಮಾಡುವವರಿಗೆ ನಾನು ಕೊಡುವ ಮನೆಗೆಲಸ: ಮನೆಯ ಒಂದು ಕುರ್ಚಿ. ಏಳು ದಿನ, ದಿನಕ್ಕೊಂದು ಹೊತ್ತಿನಲ್ಲಿ ತೆಗೆಯಿರಿ. ಕುರ್ಚಿ ಸರಿಸಬೇಡಿ, ನೀವು ಸರಿಯಿರಿ. ನಾಲ್ಕನೇ ದಿನ ಬೇಜಾರಾಗುತ್ತದೆ. ಆರನೇ ದಿನ ಕುರ್ಚಿ ಬಿಟ್ಟು ಬೆಳಕು ನೋಡುತ್ತಿರುತ್ತೀರಿ.

ಎಷ್ಟು ಚೆನ್ನಾಗಿ ಬರುತ್ತವೆ ಅಂತಲೂ ಕೇಳುತ್ತಾರೆ. ನೂರಕ್ಕೆ ಒಂದು. ಒಳ್ಳೆಯ ತಿಂಗಳಾದರೆ ಎರಡು.

ಗೊತ್ತಿಲ್ಲದವರ ಫೋಟೊ ತೆಗೆಯಬಹುದಾ?

ಕಾನೂನು ದೇಶದಿಂದ ದೇಶಕ್ಕೆ ಬೇರೆ, ನಿಮ್ಮ ಕಡೆಯದು ತಿಳಿದುಕೊಳ್ಳಿ. ನನ್ನ ಕಟ್ಟುಪಾಡು ಚಿಕ್ಕದು. ಕಣ್ಣು ಕೂಡಿದರೆ ನಗುತ್ತೇನೆ, ಕ್ಯಾಮೆರಾ ತೋರಿಸಿ ತಲೆಯಾಡಿಸುತ್ತೇನೆ. ಬೇಡ ಅಂದರೆ ಅವರ ಎದುರೇ ಅಳಿಸುತ್ತೇನೆ. ಹೆತ್ತವರನ್ನು ಕೇಳದೆ ಮಕ್ಕಳದ್ದು ಇಲ್ಲ. ಕಷ್ಟದಲ್ಲಿರುವವರದ್ದು ಇಲ್ಲವೇ ಇಲ್ಲ.

ಒಳಗೆ ತೆಗೆದ ಫೋಟೊದಲ್ಲಿ ಪಟ್ಟೆಪಟ್ಟೆ ಬರುತ್ತೆ!

ದೀಪದ ಮಿಣುಕು. ವಿದ್ಯುತ್ 50 ಹರ್ಟ್ಜ್ ಇರುವ ಕಡೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, 1/100 ಅಥವಾ 1/50 ಇಡಿ. 60 ಹರ್ಟ್ಜ್ ಇರುವ ಕಡೆ 1/60 ಅಥವಾ 1/120.

ಲೆನ್ಸಿಗೆ ಯುವಿ ಫಿಲ್ಟರ್ ಹಾಕಬೇಕಾ?

ಸೆನ್ಸರ್‌ಗೆ ಅದರಿಂದ ಏನೂ ಆಗಬೇಕಾಗಿಲ್ಲ. ಏಟು ತಪ್ಪಿಸಲು ಲೆನ್ಸಿನ ಮೂತಿಗೆ ಹಾಕುವ ಹುಡ್ ಮೇಲು, ಅಡ್ಡಬಿಸಿಲನ್ನೂ ತಡೆಯುತ್ತದೆ. ಸಮುದ್ರದ ಉಪ್ಪುಗಾಳಿ, ಧೂಳಿನ ಕಡೆ ಮಾತ್ರ ಫಿಲ್ಟರ್ ಹಾಕುತ್ತೇನೆ. ಕೊಳ್ಳಲೇಬೇಕು ಅಂದರೆ ಪೋಲರೈಸರ್ ಕೊಳ್ಳಿ. ನೀರಿನ, ಗಾಜಿನ, ಎಲೆಗಳ ಹೊಳಪನ್ನು ಅದು ತೆಗೆಯುವಂತೆ ಯಾವ ಸಾಫ್ಟ್‌ವೇರೂ ತೆಗೆಯುವುದಿಲ್ಲ.

ಲೆನ್ಸ್ ಒಳಗೆ ಜೇಡರ ಬಲೆಯಂಥದ್ದು ಕಾಣುತ್ತೆ. ಏನದು?

ಫಂಗಸ್. ಈಗ ಆ 70-300ರ ಕಥೆ. ಚರ್ಮದ ಚೀಲದಲ್ಲಿ, ಕತ್ತಲ ಬೀರುವಿನಲ್ಲಿ, ಮಳೆಗಾಲವಿಡೀ ಮುಚ್ಚಿಟ್ಟಿದ್ದೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಾ? ಒಂದು ದಿನ ತೆಗೆದು ನೋಡಿದರೆ ಒಳಗಿನ ಗಾಜಿನ ಮೇಲೆ ಬಿಳಿ ಎಳೆಗಳು. ರಿಪೇರಿಗೆ ಕೊಟ್ಟೆ. ಫಂಗಸ್ ಹೋಯಿತು, ಆದರೆ ಅದು ಗಾಜಿನ ಲೇಪನವನ್ನು ತಿಂದ ಗುರುತು ಉಳಿಯಿತು. ಜೋಡಿಸುವಾಗ ಏನು ಮಾಡಿದರೋ, ಎಡಗಡೆಯ ಅಂಚು ಅವತ್ತಿನಿಂದ ಸ್ಪಷ್ಟವಿಲ್ಲ.

ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಮೀಟರ್. ತೇವಾಂಶ 40ರಿಂದ 50 ಪ್ರತಿಶತ ಇದ್ದರೆ ಸರಿ. ಎಲ್ಲಕ್ಕಿಂತ ಮುಖ್ಯ, ಲೆನ್ಸ್ ಹೊರಗೆ ತೆಗೆಯುತ್ತಿರಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಧಾರಾಳವಾಗಿ. ನನ್ನ 35 ಹಾಗೆ ಬಂದದ್ದೇ. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಫಂಗಸ್ ನೋಡಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇದೆಯಾ ನೋಡಿ. ಲೆನ್ಸ್ ಅಲ್ಲದೆ ಕ್ಯಾಮೆರಾ ಬಾಡಿಯಾದರೆ ಎಫ್ 16ರಲ್ಲಿ ಆಕಾಶ ತೆಗೆದು ನೋಡಿ. ಮಸುಕು ಚುಕ್ಕೆ ಅಂದರೆ ಧೂಳು, ಅದು ಹೋಗುತ್ತದೆ. ಗೀರು ಹೋಗುವುದಿಲ್ಲ. ಎಲ್ಲ ಗುಂಡಿ, ಡಯಲ್ ತಿರುಗಿಸಿ. ಸ್ವಂತ ಮೆಮೊರಿ ಕಾರ್ಡ್ ಒಯ್ಯಿರಿ, ತೆಗೆದ ಫೋಟೊಗಳನ್ನು ಮನೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡಿ ಆಮೇಲೆ ದುಡ್ಡು ಕೊಡಿ.

ಫೋಟೊಗಳನ್ನು ಎಲ್ಲಿ ಇಡುತ್ತೀರಿ?

ಎರಡು ಡಿಸ್ಕ್, ಒಂದು ಮನೆಯಿಂದ ಹೊರಗೆ. ಕಾರ್ಡಿನಿಂದ ತಪ್ಪಿ ಅಳಿಸಿದರೆ ಆ ಕಾರ್ಡಿನಲ್ಲಿ ಇನ್ನೊಂದು ಕ್ಲಿಕ್ಕೂ ಮಾಡಬೇಡಿ. ಹಳೆಯದರ ಮೇಲೆ ಹೊಸದು ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರ್ ಬಹುತೇಕ ವಾಪಸ್ ತರುತ್ತದೆ.

ಹೊರಡುವಾಗ ಏನೇನು ಒಯ್ಯಬೇಕು?

ಕ್ಯಾಮೆರಾ, ಒಂದು ಲೆನ್ಸ್, ಇನ್ನೊಂದು ಬ್ಯಾಟರಿ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾದ ಬ್ಯಾಟರಿ ಸಾಮಾನ್ಯವಾಗಿ ಮುನ್ನೂರು-ನಾನೂರು ಫೋಟೊಗೆ ಸುಸ್ತಾಗುತ್ತದೆ. ಮಳೆ ಬಂದರೆ ಅಂತ ಒಂದು ಪ್ಲಾಸ್ಟಿಕ್ ಚೀಲ. ಮತ್ತೆ, ಕಾರ್ಡ್. ನಗಬೇಡಿ. ಒಮ್ಮೆ ದಟ್ಟ ಮಂಜಿನ ಬೆಳಿಗ್ಗೆ ಒಂದು ಗಂಟೆ ಸುತ್ತಿ ಎಪ್ಪತ್ತು ಎಂಬತ್ತು ಕ್ಲಿಕ್ ಮಾಡಿದೆ. ಕಾರ್ಡ್ ಮನೆಯಲ್ಲಿ ಕಂಪ್ಯೂಟರಿಗೆ ಚುಚ್ಚಿಕೊಂಡಿತ್ತು. ಕಾರ್ಡ್ ಇಲ್ಲದಿದ್ದರೂ ಶಟರ್ ಒತ್ತಲು ಬಿಡುವ ಒಂದು ಸೆಟ್ಟಿಂಗ್ ಹಲವು ಕ್ಯಾಮೆರಾಗಳ ಮೆನುವಿನಲ್ಲಿರುತ್ತದೆ. ನಿಮ್ಮದರಲ್ಲಿ ಇದ್ದರೆ ಇವತ್ತೇ ಆಫ್ ಮಾಡಿ.